ಹೆಪ್ಪು ಮತ್ತು ಹಾಟ್‌ಸ್ಪಾಟ್

ನಮ್ಮ ಓಣಿಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಯಾರೂ ನಾಚಿಕೊಳ್ಳುವುದಿಲ್ಲ. ರಾತ್ರಿ ಹಾಲು ಕಾಸಿ ಆರಲು ಇಟ್ಟ ಮೇಲೆ ಮನೆಯಲ್ಲಿ ಮೊಸರು ಉಳಿದಿಲ್ಲವೆಂದು ನೆನಪಾಗುತ್ತದೆ. ವಾಟಗಾ ಹಿಡಿದು ಹಿತ್ತಲ ಬಾಗಿಲಿಗೆ ಬಂದು, "ವೈನಿ, ಒಂದು ಚಮಚಾ ಹೆಪ್ಪು ಹಾಕ್ರಿ" ಎಂದರೆ ಮುಗಿಯಿತು. ಕೊಟ್ಟವಳ ಗಡಿಗೆ ಬರಿದಾಗುವುದಿಲ್ಲ, ಒಯ್ದವಳು ತಿರುಗಿ ಕೊಡಬೇಕಾಗಿಲ್ಲ. ಮರುದಿನ ಅವರ ಮನೆಯ ಮೊಸರು ಗಟ್ಟಿಯಾಯಿತೋ ಹುಳಿಯಾಯಿತೋ ಎಂದು ವಿಚಾರಿಸಲು ಯಾರೂ ಹೋಗುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನಾನು, ಕೊಡುವುದೆಂದರೆ ಇಷ್ಟೇ ಎಂದು ತಿಳಿದಿದ್ದೆ. ನನಗೆ ಕೊಡಲು ಬರುತ್ತದೆ ಎಂಬ ಸಣ್ಣ ಹೆಮ್ಮೆಯೂ ಇತ್ತೆನ್ನಿ. ಆ ಹೆಮ್ಮೆಯನ್ನು ಇಳಿಸಿದ್ದು ಒಂದು ಮೊಬೈಲ್ ಫೋನು.

ನಮ್ಮೂರು ದೇಸೂರ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲು ಹಾದಿಯಲ್ಲಿ ಬರುತ್ತದೆ. ಸುತ್ತ ಭತ್ತದ ಗದ್ದೆಗಳು. ಒಂದು ಮನೆಯಲ್ಲಿ ಕನ್ನಡ, ಮಗ್ಗುಲ ಮನೆಯಲ್ಲಿ ಮರಾಠಿ. ಹಿತ್ತಲ ಗೋಡೆಗೆ ಹತ್ತಿದ ಮನೆಯಲ್ಲಿ ಬಾಡಿಗೆಗೆ ಇರುವವರೂ ಮರಾಠಿಯವರೇ. ಗಂಡ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಹೆಂಡತಿ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಮನೆಯಲ್ಲಿ ಮರಾಠಿ ಆಡುತ್ತ ಕನ್ನಡ ಶಾಲೆಗೆ ಹೋಗುತ್ತಿದ್ದಳು. 2020ರಲ್ಲಿ ಕೊರೊನಾ ಬಂದು ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅವಳು ಒಂಬತ್ತನೆಯ ಇಯತ್ತೆ ಮುಗಿಸಿದ್ದಳು. ಹತ್ತನೆಯದು ಶುರುವಾದದ್ದು ಶಾಲೆಯಲ್ಲಲ್ಲ, ಫೋನಿನಲ್ಲಿ. ಚಂದನ ವಾಹಿನಿಯಲ್ಲೂ ಪಾಠ ಬರುತ್ತಿದ್ದವು, ನಿಜ. ಆದರೆ ಟಿ.ವಿ.ಯನ್ನು ಪ್ರಶ್ನೆ ಕೇಳುವಂತಿಲ್ಲ. ಮಾಸ್ತರರು ಹಾಜರಿ ಹಿಡಿಯುತ್ತಿದ್ದದ್ದು, ಲೆಕ್ಕ ಬಿಡಿಸಿ ತೋರಿಸುತ್ತಿದ್ದದ್ದು ಮೊಬೈಲಿನಲ್ಲಿ. ಮನೆಯಲ್ಲಿ ಕರೆನ್ಸಿ ಇದ್ದ ಒಂದೇ ಫೋನು ಅಪ್ಪನ ಕಿಸೆಯಲ್ಲಿ ಕೂತು ಉದ್ಯಮಬಾಗಕ್ಕೆ ಹೋಗಿಬಿಡುತ್ತಿತ್ತು. ಉಳಿದದ್ದು ಗಾಜು ಸೀಳಿದ, ಸಿಮ್ ಇಲ್ಲದ ಒಂದು ಹಳೆಯ ಫೋನು.

ಒಂದು ಮುಂಜಾನೆ ಹುಡುಗಿ ಹಿತ್ತಲ ಬಾಗಿಲಿಗೆ ಬಂದಳು. "ಕಾಕು, ನಿಮ್ಮ ಫೋನಿಂದ ಸ್ವಲ್ಪ ನೆಟ್ ಕೊಡ್ತೀರೇನ್ರಿ? ಒಂದು ತಾಸು ಅಷ್ಟ."

ನೆಟ್ಟನ್ನು ವಾಟಗಾದಲ್ಲಿ ಹಾಕಿ ಕೊಡುವುದು ಹೇಗೆ? ಪುಣೆಯಲ್ಲಿರುವ ಮಗನಿಗೆ ಫೋನು ಹಚ್ಚಿ ಕೇಳಿದೆ. ಅವನು ಹಾಟ್‌ಸ್ಪಾಟ್ ಎಂದರೆ ಏನೆಂದು ತಿಳಿಸಿ ಹೇಳಿದ. ನನ್ನ ಸಿಮ್‌ಗೆ ಟವರಿನಿಂದ ಬರುವ ನೆಟ್ಟನ್ನು ನನ್ನ ಫೋನೇ ಸುತ್ತಲಿನ ಬೇರೆ ಫೋನುಗಳಿಗೆ ಹಂಚುತ್ತದೆ. ಅದಕ್ಕೊಂದು ಹೆಸರು, ಒಂದು ಗುಪ್ತಪದ ಇಡಬೇಕು. ಗುಪ್ತಪದ ಗೊತ್ತಿದ್ದವರ ಫೋನು ಬಂದು ಕೂಡಿಕೊಳ್ಳುತ್ತದೆ. ಎಷ್ಟು ಫೋನು ಕೂಡಿವೆ ಎಂಬುದು ನನ್ನ ಪರದೆಯ ಮೇಲೆ ಕಾಣುತ್ತದೆ. ಅವು ಏನು ನೋಡುತ್ತಿವೆ ಎಂಬುದು ಮಾತ್ರ ಕಾಣುವುದಿಲ್ಲ. ಹೊರಗಿನ ಲೋಕಕ್ಕಾದರೋ ಎಲ್ಲವೂ ನನ್ನ ಸಿಮ್‌ನಿಂದಲೇ ಹೋದಂತೆ. ನನ್ನ ಹಾಟ್‌ಸ್ಪಾಟಿಗೆ "ದೇಸೂರ" ಎಂದು ಹೆಸರಿಟ್ಟೆ. ಹತ್ತು ನಿಮಿಷದಲ್ಲಿ ಹಿತ್ತಲ ಗೋಡೆಯಾಚೆಯಿಂದ ಗಣಿತದ ಮಾಸ್ತರರ ದನಿ ಕೇಳಿಸಿತು. ನನ್ನ ಫೋನು ಬಿಸಿಯಾಗಿ ಒಲೆಯ ಮೇಲಿನ ಹಂಚಿನಂತಾಯಿತು. ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ ಎಂದು ನಕ್ಕೆ.

ಮೊದಲ ವಾರ ಹೆಪ್ಪು ಕೊಟ್ಟಷ್ಟೇ ಹಗುರಾಗಿತ್ತು. ಆಮೇಲೆ ತಿಳಿಯಿತು, ನೆಟ್ಟು ಹೆಪ್ಪಿನಂಥದ್ದಲ್ಲ. ನನ್ನ ಪ್ಯಾಕಿನಲ್ಲಿ ದಿನಕ್ಕೆ 1.5 ಜಿ.ಬಿ. ಒಂದು ತಾಸಿನ ವಿಡಿಯೊ ಪಾಠಕ್ಕೆ ಅರ್ಧ ಜಿ.ಬಿ.ಗೂ ಹೆಚ್ಚು ಹೋಗುತ್ತದೆ. ಎರಡು ತಾಸು ಪಾಠವಾದರೆ ಸಂಜೆಗೆ ನನ್ನ ಫೋನು ತೆವಳತೊಡಗುತ್ತದೆ. ಮೊಮ್ಮಗಳ ಮುಖ ಪರದೆಯ ಮೇಲೆ ಬಾಯಿ ತೆರೆದಲ್ಲೇ ನಿಂತುಬಿಡುತ್ತದೆ. ಆ ಸಂಜೆಗಳಲ್ಲಿ ನನಗೆ ಗೋಡೆಯಾಚೆಯ ಹುಡುಗಿಯ ನೆನಪಾಗುತ್ತಿತ್ತು. ಸಿಟ್ಟೆಂದು ಹೇಳಲಾರೆ, ಲೆಕ್ಕ ಎನ್ನಬೇಕು. ಮುಂಜಾನೆ ಅರ್ಧ, ಮಧ್ಯಾಹ್ನ ಅರ್ಧ. ಕೊಡುವ ಕೈ ಎಣಿಸತೊಡಗಿತ್ತು.

ಹಾಗೆ ಎಣಿಸಿ ಉಳಿಸುವುದಾದರೂ ಏನನ್ನು? ಬಳಸದೆ ಬಿಟ್ಟ ದಿನದ ಪಾಲು ರಾತ್ರಿ 12 ಹೊಡೆದೊಡನೆ ಇಲ್ಲವಾಗುತ್ತದೆ. ನಾಳೆಗೆ ಕೂಡುವುದಿಲ್ಲ. ಮೊಮ್ಮಗಳೊಡನೆ ಮಾತಾಡದ ದಿನಗಳಲ್ಲಿ ನನ್ನ ಪಾಲು ಹಾಗೆಯೇ ಹೋಗುತ್ತಿತ್ತು. ರಾತ್ರಿ ಉಳಿದ ಅನ್ನವನ್ನು ಆಕಳಿಗಾದರೂ ಹಾಕುತ್ತೇವೆ. ಯಾರಿಗೂ ಆಗದೆ ಹೋಗುವ ಈ ಸಿರಿಯನ್ನು ಮಾತ್ರ ನಾನು ಕಾವಲು ಕೂತು ಕಾಯುತ್ತಿದ್ದೆ.

ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನೀರು ಕುಡಿಯಲು ಎದ್ದೆ. ಚಾರ್ಜಿಗೆ ಹಾಕಿದ ಫೋನನ್ನು ಸುಮ್ಮನೆ ನೋಡಿದೆ. ಹಾಟ್‌ಸ್ಪಾಟ್ ಆರಿಸುವುದನ್ನು ಮರೆತಿದ್ದೆ. ಪರದೆಯ ಮೇಲೆ ಒಂದು ಫೋನು ಕೂಡಿದೆ ಎಂದು ಬರೆದಿತ್ತು.

ರಾತ್ರಿ ಹನ್ನೊಂದಕ್ಕೆ ಯಾವ ಪಾಠ? ಹದಿನೈದು ವರ್ಷದ ಹುಡುಗಿ, ಕೈಯಲ್ಲಿ ಫೋನು, ನಡುರಾತ್ರಿ. ನನ್ನ ತಲೆ ಎಲ್ಲೆಲ್ಲಿಗೆ ಓಡಿತೆಂದು ಬೇರೆ ಹೇಳಬೇಕಾಗಿಲ್ಲ, ನೀವೂ ತಾಯಂದಿರೇ. ಮರುದಿನ ಹಿತ್ತಲಲ್ಲಿ ಅವಳ ತಾಯಿ ಬಟ್ಟೆ ಒಣಹಾಕುವಾಗ ದನಿ ತಗ್ಗಿಸಿ ಹೇಳಿದೆ. "ರಾತ್ರಿ ಹನ್ನೊಂದಕ್ಕೂ ಫೋನ್ ನೋಡತಿರತಾಳ್ರಿ ನಿಮ್ಮ ಹುಡಿಗಿ. ನಿಮ್ಮ ಒಳ್ಳೇದಕ್ಕ ಹೇಳಿದೆ." ತಾಯಿ ಕೈಯಲ್ಲಿದ್ದ ಬಟ್ಟೆ ಹಾಗೆಯೇ ಹಿಡಿದು ನಿಂತಳು. "ಬರೇ ಆತ್ರಿ ವೈನಿ, ಹೇಳಿದ್ದು ಚೊಲೊ ಮಾಡಿದ್ರಿ" ಎಂದಳು. ಒಂದು ಕರ್ತವ್ಯ ಮುಗಿಸಿದ ಸಮಾಧಾನದಿಂದ ನಾನು ಒಳಗೆ ಬಂದು ಭಕ್ಕರಿ ಬಡಿದೆ.

ಆ ದಿನದಿಂದ ಗೋಡೆಯಾಚೆ ಪಾಠ ಕೇಳಿಸಲಿಲ್ಲ. ರಜೆ ಇದ್ದೀತು ಎಂದುಕೊಂಡೆ. ಐದನೆಯ ದಿನ ಮಗನ ಫೋನು ಬಂದಾಗ ಮಾತಿನ ನಡುವೆ ಈ ವಿಷಯ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು ಕೇಳಿದ. "ಅವ್ವಾ, ಆ ಫೋನ್ ತಾನ ಕೂಡಿರಬೇಕಲ್ಲ?"

ಒಮ್ಮೆ ಗುಪ್ತಪದ ಕೊಟ್ಟ ಫೋನು ಅದನ್ನು ನೆನಪಿಟ್ಟುಕೊಳ್ಳುತ್ತದಂತೆ. ಅದರ ವೈ-ಫೈ ತೆರೆದೇ ಇದ್ದರೆ, ಆ ಹೆಸರಿನ ಹಾಟ್‌ಸ್ಪಾಟ್ ಸನಿಹದಲ್ಲಿ ಕಂಡಾಗ ಯಾರೂ ಮುಟ್ಟದಿದ್ದರೂ ತಾನಾಗಿಯೇ ಕೂಡಿಕೊಳ್ಳುತ್ತದೆ. ಮೂಲೆಯಲ್ಲಿ ಚಾರ್ಜಿಗೆ ಬಿದ್ದಿದ್ದರೂ ನನ್ನ ಪರದೆಯ ಮೇಲೆ ಎಣಿಕೆ ಒಂದೆಂದೇ ಬರುತ್ತದೆ. ಕೂಡಿದೆ ಎಂದಷ್ಟೇ ಅದರ ಅರ್ಥ, ಯಾರೋ ನೋಡುತ್ತಿದ್ದಾರೆ ಎಂದಲ್ಲ.

ಅಂದೇ ಹಿತ್ತಲ ಬಾಗಿಲು ದಾಟಿ ಹೋಗಿ ಕೇಳಿದೆ. ಅಪ್ಪ ಫೋನನ್ನು ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದಿದ್ದ. ನಾಲ್ಕು ದಿನದ ಪಾಠ ಹೋಗಿತ್ತು, ಅದರಲ್ಲೇ ಗಣಿತದ ಒಂದು ಪರೀಕ್ಷೆಯೂ ಹೋಗಿತ್ತು. ಆ ರಾತ್ರಿ ಹುಡುಗಿ ಒಂಬತ್ತಕ್ಕೇ ತಾಯಿಯ ಮಗ್ಗುಲಲ್ಲಿ ಮಲಗಿದ್ದಳಂತೆ. ಅದು ತಾಯಿಗೂ ಗೊತ್ತಿತ್ತು. ಆದರೂ ನನ್ನ ಮಾತನ್ನು ತೆಗೆದುಹಾಕುವ ಧೈರ್ಯ ಅವಳಿಗೆ ಬರಲಿಲ್ಲ, ಏಕೆಂದರೆ ನೆಟ್ಟು ನನ್ನದು. ಈ ಒಂದು ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಮಗಳು ತನ್ನ ಮಗ್ಗುಲಲ್ಲೇ ಮಲಗಿದ್ದನ್ನು ಕಣ್ಣಾರೆ ಕಂಡ ತಾಯಿಗಿಂತ ನನ್ನ ಪರದೆಯ ಮಾತೇ ಮೇಲಾಯಿತು.

ನಾನು ಹುಡುಗಿಗೆ, "ತಪ್ಪಾತವ್ವ" ಎಂದೆ. ದೊಡ್ಡವರು ಸಣ್ಣವರಿಗೆ ಹೀಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಮಾತು ಗಂಟಲಲ್ಲಿ ಸಿಕ್ಕಿ ಹೊರಬಂತು. "ಇರ್ಲಿ ಬಿಡ್ರಿ ಕಾಕು" ಎಂದು ಅವಳು ನೆಲ ನೋಡಿದಳು. ಮರುವಾರ ತಾಯಿ ಹೊಲಿಗೆಯ ದುಡ್ಡಿನಲ್ಲಿ ಒಂದು ಸಿಮ್ ಕೊಂಡಳು. "ದೇಸೂರ" ಎಂಬ ಹೆಸರಿಗೆ ಮತ್ತೆ ಯಾವ ಫೋನೂ ಬಂದು ಕೂಡಲಿಲ್ಲ. 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಹತ್ತನೆಯ ಪರೀಕ್ಷೆ ಮುಗಿಯಿತು. ಆ ವರ್ಷ ಹೆಚ್ಚುಕಡಿಮೆ ಎಲ್ಲರೂ ಪಾಸು, ಅವಳೂ ಪಾಸಾದಳು. ಪೇಢೆ ತಂದುಕೊಟ್ಟಳು. ಆದರೆ ಹಿತ್ತಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ ಬಂದಳು.

ನಾನು ಮಾಡಿದ ತಪ್ಪು ಯಾವುದು ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಎಚ್ಚರ ವಹಿಸಿದ್ದೇ ತಪ್ಪೇ? ಅಲ್ಲ. ನಮ್ಮ ಹೆಸರಿನ ನೆಟ್ಟಿನಲ್ಲಿ ಯಾರು ಏನು ಮಾಡಿದರೂ ಹೆಜ್ಜೆಯ ಗುರುತು ನಮ್ಮ ಬಾಗಿಲಿಗೇ ಬರುತ್ತದೆ. 2008ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಬಾಂಬು ಸಿಡಿಯುವ ಮುನ್ನ ಬಂದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದು ಪೊಲೀಸರು ಮುಟ್ಟಿದ್ದು ನವಿ ಮುಂಬಯಿಯ ಒಂದು ಮನೆಗೆ. ಆ ಮನೆಯ ವೈ-ಫೈಯನ್ನು ಯಾರೋ ಬಳಸಿಕೊಂಡಿದ್ದರು. ಆದ್ದರಿಂದ ಗುಪ್ತಪದ ಇಡುವುದು, ಗುರುತಿದ್ದವರಿಗೆ ಮಾತ್ರ ಕೊಡುವುದು ಜಿಪುಣತನವಲ್ಲ. ಮನೆಗೆ ಬಾಗಿಲು ಇಟ್ಟಂತೆಯೇ ಅದು. ಯಾರನ್ನು ಒಳಗೆ ಬಿಡಬೇಕು ಎಂದು ಬಾಗಿಲಲ್ಲಿ ನಿಂತು ವಿಚಾರ ಮಾಡಬಹುದು. ಒಳಗೆ ಕರೆದ ಮೇಲೆ ಅವರ ಎಲೆಯಲ್ಲಿ ಬಗ್ಗಿ ನೋಡುವ ಹಕ್ಕು ಮಾತ್ರ ಯಜಮಾನಿಗೂ ಇಲ್ಲ.

ನಾನು ಬಗ್ಗಿ ನೋಡಿದೆ. ಕೊಟ್ಟವಳಾದ್ದರಿಂದ ನೋಡಬಹುದೆಂದು ತಿಳಿದೆ. ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಆ ಮನೆಯಲ್ಲಿ ಹುಡುಗನಿದ್ದು, ರಾತ್ರಿ ಹನ್ನೊಂದಕ್ಕೆ ಆ ಎಣಿಕೆ ಕಂಡಿದ್ದರೆ ನಾನು ಅವನ ತಾಯಿಗೆ ಹೇಳುತ್ತಿದ್ದೆನೇ? ಬಹುಶಃ, ಪಾಪ ಪೋರ ನಿದ್ದೆಗೆಟ್ಟು ಓದುತ್ತಾನೆ ಎನ್ನುತ್ತಿದ್ದೆ. ಕೇರಳದ ಒಂದು ಮಹಿಳಾ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಹಿಡಿಯಬಾರದೆಂಬ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ್ದರು. ಅವಳು ಕೋರ್ಟಿಗೆ ಹೋದಳು. ಅಂತರ್ಜಾಲ ಬಳಸುವುದು ಶಿಕ್ಷಣದ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗವೂ ಹೌದು ಎಂದು ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ಹೇಳಿತು. ನನ್ನ ಹಿತ್ತಲ ಮನೆಯ ಹುಡುಗಿಗೆ ಕೋರ್ಟು ಗೊತ್ತಿರಲಿಲ್ಲ. ಹಿತ್ತಲಿಗೆ ಹಿತ್ತಲು ಹತ್ತಿದ ಊರಿನಲ್ಲಿ ನಾನೇ ವಾರ್ಡನ್ ಆಗಿದ್ದೆ, ಒಂದೂವರೆ ಜಿ.ಬಿ.ಯ ಬಲದ ಮೇಲೆ.

ಹೆಪ್ಪಿಗೂ ಹಾಟ್‌ಸ್ಪಾಟಿಗೂ ಇರುವ ನಿಜವಾದ ವ್ಯತ್ಯಾಸ ಈಗ ತಿಳಿಯುತ್ತದೆ. ಹೆಪ್ಪು ಕೊಟ್ಟೊಡನೆ ಕೈಬಿಟ್ಟು ಹೋಗುತ್ತದೆ. ಅವರ ಹಾಲಿನಲ್ಲಿ ಬೆರೆತು ಅವರದೇ ಆಗುತ್ತದೆ. ಹಾಟ್‌ಸ್ಪಾಟಿನಲ್ಲಿ ಕೊಟ್ಟ ಮೇಲೂ ಗುಂಡಿ ನಮ್ಮ ಕೈಯಲ್ಲೇ ಇರುತ್ತದೆ. ಬೇಕಾದಾಗ ಹಚ್ಚಬಹುದು, ಬೇಡವಾದಾಗ ಆರಿಸಬಹುದು, ಎಷ್ಟು ಮಂದಿ ಎಂದು ಎಣಿಸಬಹುದು. ಇಂಥ ಕೊಡುಗೆಯಲ್ಲಿ ಎಷ್ಟು ಕೊಟ್ಟೆವು ಎಂಬುದು ದೊಡ್ಡದಲ್ಲ. ಆ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಹೇಗೆ ಕೂಡುತ್ತೇವೆ ಎಂಬುದೇ ದೊಡ್ಡದು. ಕೊಡಲಾಗದಿದ್ದರೆ, "ಇವತ್ತ ಆಗೂದಿಲ್ಲವ್ವ" ಎಂದು ಬಾಗಿಲಲ್ಲೇ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಕೊಟ್ಟ ಮೇಲೆ ಮಾತ್ರ ಕಣ್ಣನ್ನು ಬೇರೆ ಕಡೆ ತಿರುಗಿಸಲು ಕಲಿಯಬೇಕು.

ಮೊನ್ನೆ ಖಾನಾಪುರಕ್ಕೆ ಅರಿಶಿನ ಕುಂಕುಮಕ್ಕೆ ಹೊರಟು ಬಸ್ಸು ಹತ್ತಿದೆ. 2023ರ ಜೂನಿನಿಂದ ನಮಗೆ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ತೋರಿಸಬೇಕು. "ಆಧಾರ ತೋರಸ್ರಿ ಅಕ್ಕಾರ" ಎಂದ ಕಂಡಕ್ಟರು. ಚೀಲ ತಡಕಿದೆ, ಚೀಟಿ ಮನೆಯಲ್ಲೇ ಉಳಿದಿತ್ತು. ಫೋನಿನ ಡಿಜಿಲಾಕರಿನಲ್ಲಿ ಇತ್ತು, ಆದರೆ ತೆರೆಯಲು ನೆಟ್ಟಿಲ್ಲ. ಹಿಂದಿನ ರಾತ್ರಿಯೇ ಪ್ಯಾಕು ಮುಗಿದಿತ್ತು. ಹಿಂದಿನ ಸೀಟಿನಿಂದ, "ಕಾಕು, ನನ್ನ ಹಾಟ್‌ಸ್ಪಾಟ್ ಹಚ್ಚೇನಿ, ಕೂಡ್ರಿ" ಎಂಬ ದನಿ ಬಂತು. ಅವಳೇ. ಈಗ ಬೆಳಗಾವಿಯಲ್ಲಿ ಪದವಿ ಓದುತ್ತಾಳೆ. ಗುಪ್ತಪದವನ್ನು ನನ್ನ ಕಿವಿಯಲ್ಲಿ ಹೇಳಿದವಳೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಗದ್ದೆ ನೋಡುತ್ತ ಕೂತಳು. ಖಾನಾಪುರ ಬರುವವರೆಗೂ ನನ್ನ ಫೋನಿನತ್ತ ಅವಳ ಕಣ್ಣು ಹೊರಳಲಿಲ್ಲ.

ನಿನ್ನೆ ಬೆಳಗಿನ ಜಾವ ಎದ್ದು ನೋಡುತ್ತೇನೆ, ರಿಚಾರ್ಜು ಮಾಡಿಸದ ನನ್ನ ಫೋನಿನಲ್ಲಿ ಮೊಮ್ಮಗಳ ಫೋಟೊ ಬಂದು ಬಿದ್ದಿವೆ. ಗೋಡೆಯಾಚೆ ಅವಳು ರಾತ್ರಿ ಓದಲು ಹಾಟ್‌ಸ್ಪಾಟ್ ಹಚ್ಚಿಟ್ಟಿರಬೇಕು. ನಾನು ಮಲಗಿರುವಾಗ ನನ್ನ ಫೋನು ತಾನಾಗಿಯೇ ಹೋಗಿ ಕೂಡಿಕೊಂಡಿತ್ತು. ಅವಳ ಪರದೆಯ ಮೇಲೂ ಎಣಿಕೆ ಒಂದು ಹೆಚ್ಚು ಕಂಡಿರಲೇಬೇಕು.

ಹಿತ್ತಲಿಗೆ ಹೋಗಿ ಹೇಳಿದೆ. "ರಾತ್ರಿ ನನ್ನ ಫೋನು ನಿನ್ನ ನೆಟ್ಟಿಗೆ ಕೂಡಿತ್ತವ್ವ. ನಾ ಮಲಗಿದ್ದೆ."

"ಗೊತ್ತೈತ್ರಿ ಕಾಕು" ಎಂದಳು. ಆಮೇಲೆ ಒಳಗೆ ಹೋಗಿ ಒಂದು ವಾಟಗಾ ತಂದಳು. "ಆಯಿ ಹೆಪ್ಪು ಕೇಳ್ಯಾಳ್ರಿ."