ಸವೆದ ರೂಪಾಯಿಯ ಬೆಲೆ

ಸವೆದ ಹಳೆಯ ನಾಣ್ಯಕ್ಕೆ ಬೆಲೆ ಕಟ್ಟುವುದು ಮೇಲ್ನೋಟಕ್ಕೆ ವ್ಯಾಪಾರದ ಮಾತು. ಆದರೆ ಕೊಳ್ಳುವವನಿಗೆ ತಿಳಿದದ್ದು ಕೊಡುವವನಿಗೆ ತಿಳಿಯದಿದ್ದಾಗ ಅದು ಧರ್ಮದ ಮಾತೂ ಆಗುತ್ತದೆ. ಕಾಶಿಯ ಎದುರು ದಡದ ಈ ರಾಮನಗರದಲ್ಲಿ ನೌಕರಿಯ ದೆಸೆಯಿಂದ ನೆಲೆಸಿರುವ ನಮಗೆ ಈ ಪ್ರಶ್ನೆ ಎದುರಾದದ್ದು ಬೆಳ್ಳಿ ಅಂಗಡಿಯ ತಕ್ಕಡಿಯ ಮುಂದೆ. ಮದುವೆಗೋ ಆಸ್ಪತ್ರೆಗೋ ಹಣ ಬೇಕಾದವರು ಅಜ್ಜಿಯ ಕಾಲದ ರೂಪಾಯಿಗಳನ್ನು ಗಂಟು ಬಿಚ್ಚಿ ಸುರಿಯುತ್ತಾರೆ. ಅಂಗಡಿಯವನು ತೂಗಿ ಬೆಳ್ಳಿಯ ದರ ಕೊಡುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯವರು ಕಾಶಿಯಲ್ಲೇ ಟಂಕಸಾಲೆ ನಡೆಸಿ ಷಾ ಆಲಮ್ ಬಾದಶಹನ ಹೆಸರಿನಲ್ಲಿ ಅಚ್ಚು ಹಾಕಿಸಿದ ರೂಪಾಯಿಗಳೂ ಒಮ್ಮೊಮ್ಮೆ ಆ ರಾಶಿಯಲ್ಲಿ ಸೇರಿರುತ್ತವೆ.

ಬಹುಪಾಲು ನಾಣ್ಯಗಳಿಗೆ ತೂಕದ ಬೆಲೆಯೇ ನ್ಯಾಯವಾದ ಬೆಲೆ. 1835ರಿಂದ 1939ರವರೆಗಿನ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಕೈಯಿಂದ ಕೈಗೆ ಓಡಾಡಿ ಸವೆದಷ್ಟೂ ಬೆಳ್ಳಿ ಕಡಿಮೆ, ಸಂಗ್ರಾಹಕರ ಆಸೆಯೂ ಕಡಿಮೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗೆಂದು ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಕ್ರಮವೊಂದನ್ನು ಹಾಕಿಕೊಟ್ಟರು. ಅದರಲ್ಲಿ ‘ಗುಡ್’ ದರ್ಜೆಯ ನಾಣ್ಯಕ್ಕೆ ಸಿಗುವ ಅಂಕ ನಾಲ್ಕು! ಗೌಪ್ಯ ವರದಿಯಲ್ಲಿ ‘ಗುಡ್’ ಎನಿಸಿಕೊಂಡು ಬಡ್ತಿ ಕಳೆದುಕೊಂಡ ನೌಕರಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸವೆತವೊಂದೇ ಬೆಲೆಯನ್ನು ತೀರ್ಮಾನಿಸುವುದಿಲ್ಲ. ಆರನೆಯ ಜಾರ್ಜ್ ದೊರೆಯ 1938ರ ರೂಪಾಯಿ ಸಾಮಾನ್ಯ, 1939ರದು ಬಲು ಅಪರೂಪ. 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಮೊದಲ ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಒಂದು ಅಂಕಿ. ನಾಣ್ಯವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ, ಎಂಟೋ ಒಂಬತ್ತೋ ಎಂಬುದು ಎಷ್ಟೋ ವೇಳೆ ನೆರಳಿನಲ್ಲಿ ಕಾಣಿಸಿಕೊಳ್ಳುತ್ತದೆ. ನಕಲಿಗಳೂ ಉಂಟು, ಅದು ಬೇರೆ ವಿಷಯ. ಈಗ ಹೇಳಿ: ಒಂಬತ್ತನ್ನು ಕಂಡವನು ಬಾಯಿ ಮುಚ್ಚಿಕೊಂಡು ಬೆಳ್ಳಿಯ ದರಕ್ಕೇ ಕೊಳ್ಳಬಹುದೆ?

ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ಪ್ರಶ್ನೆ ಬರುತ್ತದೆ. ಒಬ್ಬನು ಹಿತ್ತಾಳೆಯೆಂದು ತಿಳಿದು ಚಿನ್ನವನ್ನು ಮಾರುತ್ತಿದ್ದರೆ ಸಜ್ಜನನು ಅವನಿಗೆ ತಿಳಿಸಬೇಕೆ, ಇಲ್ಲವೆ ಒಂದಕ್ಕೆ ಕೊಂಡು ಸಾವಿರ ಗಳಿಸಬೇಕೆ? ಸುಳ್ಳು ಹೇಳದಿದ್ದರೆ ಸಾಕು, ಗೊತ್ತಿದ್ದುದೆಲ್ಲವನ್ನೂ ಹೇಳಬೇಕಾಗಿಲ್ಲ ಎಂಬುದು ಡಯೋಜಿನೀಸನ ಪಕ್ಷ. ಮುಚ್ಚಿಡಬಾರದು ಎಂಬುದು ಆಂಟಿಪೇಟರನದು. ಸಿಸೆರೊ ಎರಡನೆಯವನ ಕಡೆ.

ನಾವೂ ಆ ಕಡೆಯೇ, ಆದರೆ ಪೂರ್ತಿಯಾಗಿ ಅಲ್ಲ. ಇಬ್ಬರೂ ನಾಣ್ಯದ ವ್ಯಾಪಾರಿಗಳಾಗಿದ್ದರೆ ಮೌನಕ್ಕೆ ಆಕ್ಷೇಪಣೆ ಇಲ್ಲ. ಓದಿಕೊಳ್ಳುವುದು ಅವರವರ ಹೊಣೆ. ಗಂಟು ಬಿಚ್ಚುವ ಗೃಹಿಣಿ ಹಾಗಲ್ಲ. ತಕ್ಕಡಿ ನಿಜ ಹೇಳುತ್ತದೆಂದು ನಂಬಿಯೇ ಆಕೆ ಬಂದಿದ್ದಾಳೆ. ಆಗಿನ ಮೌನಕ್ಕೂ ಕಳ್ಳತೂಕಕ್ಕೂ ನಮಗೆ ಭೇದ ಕಾಣದು. ಕಷ್ಟಪಟ್ಟು ಕಲಿತ ವಿದ್ಯೆಗೆ ಪ್ರತಿಫಲ ಬೇಡವೆ ಎಂದರೆ, ಬೇಕು. ಆದರೆ ಅದನ್ನು ಬಾಯಿಬಿಟ್ಟು ಕೇಳಿ ಪಡೆಯಲಿ. ವಕೀಲರು ಫೀಜು ತೆಗೆದುಕೊಳ್ಳುತ್ತಾರೆ, ಕಕ್ಷಿದಾರನ ಜಮೀನನ್ನಲ್ಲ.

ಇದಕ್ಕಿಂತ ಕಠಿಣವಾದದ್ದು ಇದರ ಮಗ್ಗುಲಿನ ಪ್ರಶ್ನೆ. ಹಳೆಯ ನಾಣ್ಯಕ್ಕೆಲ್ಲ ಲಕ್ಷಗಟ್ಟಲೆ ಬರುತ್ತದೆಂಬ ಭ್ರಮೆ ಊರೆಲ್ಲ ಹಬ್ಬಿದೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ಕಮಿಷನ್ ಕೇಳುವ ಮೋಸಗಾರರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು. ಆಪರೇಷನ್ನಿಗೆ ಹಣ ಹೊಂದಿಸುತ್ತಿರುವವರ ಮುಂದೆ ಮಸುಕಾದ ಅಂಕಿಯನ್ನು ‘ಒಂಬತ್ತಿರಬಹುದು’ ಎಂದು ಊಹಿಸಿ ಹೇಳಿದರೆ ಅವರು ಆ ದಿನ ಮಾರದೆ ಹಿಂದಿರುಗುತ್ತಾರೆ. ಅಂಥ ಕಡೆ, ‘ಅಮ್ಮಾ, ಇದು ಬರೀ ಬೆಳ್ಳಿ’ ಎನ್ನಲು ಹೆಚ್ಚಿನ ಧೈರ್ಯ ಬೇಕು. ನಮಗಂತೂ ಅಂಕಿ ಸ್ಪಷ್ಟವಾಗದಿದ್ದರೆ ಎಂಟೆಂದೇ ಎಣಿಸುವುದು ರೂಢಿ.

ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಯ ತಟ್ಟೆಯಲ್ಲಿರುವ ರೂಪಾಯಿಯನ್ನು ವರ್ಷವರ್ಷವೂ ಹುಣಸೆಹಣ್ಣು ಹಾಕಿ ಬೆಳಗುತ್ತೇವಷ್ಟೆ. ಸಂಗ್ರಾಹಕರು ಕೇಳಿದರೆ ಹೌಹಾರುತ್ತಾರೆ. ತಿಕ್ಕಿದ ನಾಣ್ಯದ ಬೆಲೆ ಅವರಲ್ಲಿ ಇಳಿದುಹೋಗುತ್ತದೆ. ಮಾರುವ ಯೋಚನೆ ಇಲ್ಲದವರು ಧಾರಾಳವಾಗಿ ಬೆಳಗಲಿ. ಇರುವವರು ಮೊದಲು ಇಸವಿ ನೋಡಿಕೊಳ್ಳಲಿ.