‘ನೋಡು’ ಅಂದದ್ದು ಯಾರಿಗೆ?

‘ಶರಣರ ಗುಣ ಮರಣದಲ್ಲಿ ನೋಡು.’ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹಿರಿಯರೊಬ್ಬರು ನರಳದೆ, ಯಾರಿಗೂ ಭಾರವಾಗದೆ ಕಣ್ಣು ಮುಚ್ಚಿದರೆ ‘ಪುಣ್ಯವಂತ್ರು, ಶರಣರ ಸಾವು’ ಅನ್ನುತ್ತಾರೆ. ಗಾದೆಗೆ ಸುಖಮರಣದ ಅರ್ಥ ಅಂಟಿದ್ದು ಹೀಗೆ. ಹರಳಯ್ಯನನ್ನು ನೆನೆದರೆ ಈ ಅರ್ಥ ನಿಲ್ಲುವುದಿಲ್ಲ.

ಶರಣ ಪರಂಪರೆ ಹೇಳುವ ಕತೆ ಎಲ್ಲರಿಗೂ ಗೊತ್ತು. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಮಧುವರಸ ಮಗಳನ್ನು ಕೊಟ್ಟ. ಅದಕ್ಕೆ ಅರಸ ಬಿಜ್ಜಳ ಬೀಗರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ, ಕಲ್ಯಾಣದ ಬೀದಿಯಲ್ಲಿ ಎಳೆಹೂಟೆ ಮಾಡಿಸಿದ.

ನಂಬಿದ್ದಕ್ಕಾಗಿ ಸತ್ತವರು ಬೇರೆಡೆಯೂ ಇದ್ದಾರೆ. ರೋಮಿನವರು ಕ್ರೈಸ್ತರಿಗೆ ಒಂದು ಸಂದು ಬಿಟ್ಟಿದ್ದರು: ಚಕ್ರವರ್ತಿಯ ಹೆಸರಿನಲ್ಲಿ ಚಿಟಿಕೆ ಧೂಪ ಹಾಕಿದರೆ ಜೀವ ಉಳಿಯುತ್ತಿತ್ತು. ಕ್ರಿ.ಶ. 203ರಲ್ಲಿ ಕಾರ್ಥೇಜಿನ ಪರ್ಪೆಚುವಾಗೆ ಇಪ್ಪತ್ತೆರಡರ ಹರೆಯ. ಕಂಕುಳಲ್ಲಿ ಮೊಲೆಗೂಸು, ಕಾಲಿಗೆ ಬಿದ್ದು ಅಳುವ ಅಪ್ಪ. ಆದರೂ ಒಪ್ಪಲಿಲ್ಲ. ಸೆರೆಮನೆಯ ದಿನಗಳನ್ನು ತಾನೇ ಬರೆದಿಟ್ಟು ಸತ್ತಳು. ಇಂಥವರನ್ನು ಕರೆಯುವ ಗ್ರೀಕ್ ಪದಕ್ಕೆ ಮೂಲದಲ್ಲಿ ‘ಸಾಕ್ಷಿ’ ಎಂದಷ್ಟೇ ಅರ್ಥ. ಅಲ್ಲಿ ಸಾಯುವವರೇ ಸಾಕ್ಷಿ. ನಮ್ಮ ಗಾದೆ ಮಾತ್ರ ‘ನೋಡು’ ಎಂದು ಉಳಿದವರ ಕಡೆ ತಿರುಗುತ್ತದೆ.

ಏನನ್ನು ನೋಡುವುದು? ಧೈರ್ಯವನ್ನು ಅಂದುಬಿಡುವುದು ಸುಲಭ. ಗಾದೆ ಹೇಳುವುದು ಗುಣ. ಹರಳಯ್ಯ ಒಂದು ಸಲ ‘ಶರಣು’ ಅಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಅಂದನಂತೆ. ಆ ಹೆಚ್ಚಿನ ಶರಣಿನ ಸಾಲ ತೀರಿಸಲು ಗಂಡಹೆಂಡಿರು ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರಂತೆ. ಒಂದು ನಮಸ್ಕಾರದ ಲೆಕ್ಕವನ್ನು ಇಷ್ಟು ಗಟ್ಟಿಯಾಗಿ ಹಿಡಿದವನು ಬೀಗತನದ ಮಾತಿನಿಂದ ಹಿಂದೆ ಸರಿಯುತ್ತಾನೆಯೇ? ಗುಣ ಮೊದಲೇ ಇತ್ತು. ಆನೆ ಎಳೆದಾಗ ಊರಿಗೆ ಕಂಡಿತು, ಅಷ್ಟೆ.

ನೋಡಿದವರೂ ನಮ್ಮ ಕಡೆಯವರೇ. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ, ಬಟ್ಟೆ ಒಗೆಯುವ ಕೈಯಲ್ಲಿ ಕತ್ತಿ ಹಿಡಿದು, ಆಮೇಲೆ ಕಲ್ಯಾಣದಿಂದ ಚದುರಿ ಹೊರಟ ಶರಣರ ಬೆನ್ನು ಕಾಯ್ದ.

ನನಗೆ ಹೆಚ್ಚು ಕಾಡುವವಳು ಬಸವಣ್ಣನ ಹೆಂಡತಿ ನೀಲಮ್ಮ. ಕೂಡಲಸಂಗಮಕ್ಕೆ ಹೋದ ಬಸವಣ್ಣ ಅವಳನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಬಂತು. ಸಂಗಯ್ಯ ಅಲ್ಲಿದ್ದು ಇಲ್ಲಿಲ್ಲವೇ ಎಂದುಕೊಂಡು ಅವಳು ಅಲ್ಲೇ ಕೂತಳು, ಅಲ್ಲೇ ಐಕ್ಯಳಾದಳು. ಆ ಸಾವಿನಲ್ಲಿ ಅರಸನಿಲ್ಲ, ಆನೆಯಿಲ್ಲ, ನೋಡಲು ನೆರೆದ ಜನವೂ ಇಲ್ಲ. ಹೊಳೆಯ ಆಚೆ ದಂಡೆಗೆ ಸಂಗಮನಾಥ, ಈಚೆ ದಂಡೆಗೆ ಅವಳ ಗುಡಿ. ನಡುವೆ ಅವಳು ದಾಟದೆ ಬಿಟ್ಟ ಕೃಷ್ಣೆ.