ಗುರಿಯ ಬೆಳಕು ಮತ್ತು ಅಹಿಂಸಾಣುವ್ರತ

ಮುನಿಗಳು ಪಾಲಿಸುವ ಅಹಿಂಸೆ ಮಹಾವ್ರತ; ಗೃಹಸ್ಥರು ಪಾಲಿಸುವುದು ಅಣುವ್ರತ. ಮನೆ, ಮಕ್ಕಳು, ವ್ಯಾಪಾರ, ಬೇಸಾಯಗಳ ಹೊಣೆ ಹೊತ್ತ ಶ್ರಾವಕನಿಗೆ ಹಿಂಸೆಯನ್ನು ಸರ್ವಥಾ ತ್ಯಜಿಸುವುದು ಶಕ್ಯವಲ್ಲವೆಂಬುದನ್ನು ಅರಿತೇ ಆಚಾರ್ಯ ಪರಂಪರೆಯು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿತು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಡುಗೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಮೇಲೇರಿ ಬಂದವನನ್ನು ಎದುರಿಸುವಾಗ ಆಗುವುದು ವಿರೋಧೀ. ಮೊದಲನೆಯದನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕು; ಉಳಿದ ಮೂರರಲ್ಲಿ ಎಚ್ಚರದಿಂದ, ಆದಷ್ಟು ಕಡಿಮೆ ಮಾಡುತ್ತ ನಡೆಯಬೇಕು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಆಯುಧವಿರಿಸಿಕೊಳ್ಳುವ ಪ್ರಶ್ನೆ ಬರುವುದು ಈ ನಾಲ್ಕನೆಯದರ ವ್ಯಾಪ್ತಿಯಲ್ಲಿ.

ಚಿನ್ನ-ಬೆಳ್ಳಿ ವ್ಯಾಪಾರ, ಗಿರವಿ ವ್ಯವಹಾರಗಳಲ್ಲಿ ತೊಡಗಿದ ಜೈನ ಕುಟುಂಬಗಳಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಅಂಗಡಿಯ ಬೀಗವನ್ನು ನೆನೆದು ರಾತ್ರಿ ನಿದ್ದೆಗೆಡುವ ಹಿರಿಯರು ಅನೇಕರಿದ್ದಾರೆ. ಕಾನೂನುಬದ್ಧವಾಗಿ ಪರವಾನಗಿ ಪಡೆದು ರಿವಾಲ್ವರನ್ನೋ ಪಿಸ್ತೂಲನ್ನೋ ಇಟ್ಟುಕೊಂಡವರ ಮುಂದೆ ಈಗ ಇನ್ನೊಂದು ಪ್ರಶ್ನೆಯೂ ಇದೆ. ಆಯುಧದ ನಳಿಗೆಯ ಕೆಳಗೆ ಅಥವಾ ಹಿಡಿಯಲ್ಲಿ ಅಳವಡಿಸುವ ಲೇಸರ್ ಉಪಕರಣವು ಗುಂಡು ತಗಲುವ ಜಾಗದಲ್ಲಿ ಕೆಂಪು ಅಥವಾ ಹಸಿರು ಚುಕ್ಕೆಯೊಂದನ್ನು ಮೂಡಿಸುತ್ತದೆ. ಇಂತಹ ಗುರಿಬೆಳಕು ಆತ್ಮರಕ್ಷಣೆಯ ಆಯುಧಕ್ಕೆ ತಕ್ಕುದೇ? ನೋಡಲು ಇದು ಯಂತ್ರದ ಪ್ರಶ್ನೆ. ವಿಚಾರಿಸಿದರೆ ವ್ರತದ ಪ್ರಶ್ನೆ.

ಮೊದಲು ಅದರ ಗುಣವನ್ನು ನ್ಯಾಯವಾಗಿ ಒಪ್ಪಬೇಕು. ಸಾಮಾನ್ಯ ರಿವಾಲ್ವರಿನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಎದುರಿನ ಗುರಿ ಈ ಮೂರನ್ನೂ ಕಣ್ಣು ಒಂದೇ ಗೆರೆಗೆ ತರಬೇಕು. ವಯಸ್ಸಾದಂತೆ ಹತ್ತಿರದ ಮೊನೆ ಮಸುಕಾಗುತ್ತದೆ. ಮಬ್ಬುಗತ್ತಲಲ್ಲಿ ಅದು ಕಾಣುವುದೇ ಇಲ್ಲ. ಲೇಸರ್ ಚುಕ್ಕೆಯಿದ್ದರೆ ಆಯುಧವನ್ನು ಕಣ್ಣಿನ ಮಟ್ಟಕ್ಕೆ ಏರಿಸದೆಯೂ ನಳಿಗೆಯ ದಿಕ್ಕು ತಿಳಿಯುತ್ತದೆ. ಅಭ್ಯಾಸದಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಕುದುರೆಯನ್ನು ಒತ್ತುವಾಗ ಕೈ ಎಳೆದರೆ ಚುಕ್ಕೆಯೂ ಜಿಗಿಯುತ್ತದೆ. ತಪ್ಪು ಆ ಕ್ಷಣದಲ್ಲಿಯೇ ಗೋಚರವಾಗುತ್ತದೆ. ಗುರಿ ತಪ್ಪಿದ ಗುಂಡು ನಿರಪರಾಧಿಗೆ ತಗಲಬಹುದಾದ್ದರಿಂದ, ಗುರಿಯನ್ನು ನಿಖರಗೊಳಿಸುವ ಯಾವುದೇ ಸಾಧನವು ಹಿಂಸೆಯನ್ನು ಕಡಿಮೆ ಮಾಡುವ ಸಾಧನವೆಂದು ವಾದಿಸಬಹುದು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರಮಾದಯೋಗದಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಪ್ರಮಾದವನ್ನು ಕಳೆಯುವ ಉಪಕರಣ ಅಷ್ಟರಮಟ್ಟಿಗೆ ಒಳ್ಳೆಯದೇ ಅಲ್ಲವೇ?

ಆದರೆ ಆ ಉಪಕರಣ ಪ್ರಮಾದವನ್ನು ನಿಜವಾಗಿ ಕಳೆಯುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು. ಪ್ರಖರ ಬಿಸಿಲಿನಲ್ಲಿ ಕೆಂಪು ಚುಕ್ಕೆ ಕಾಣದು. ಹಸಿರು ಸ್ವಲ್ಪ ಮೇಲು. ಬ್ಯಾಟರಿ ಮುಗಿದರೆ ಎರಡೂ ಇಲ್ಲ. ಉಪಕರಣಕ್ಕೆ ಪೆಟ್ಟು ಬಿದ್ದು ಜೋಡಣೆ ಸರಿದರೆ ಚುಕ್ಕೆ ಒಂದು ಕಡೆ, ಗುಂಡು ಇನ್ನೊಂದು ಕಡೆ. ಅಭ್ಯಾಸವಿಲ್ಲದವನು ಸಂಕಟದ ಗಳಿಗೆಯಲ್ಲಿ ಎದುರಿನವನನ್ನು ನೋಡುವ ಬದಲು ಚುಕ್ಕೆಯನ್ನು ಹುಡುಕುತ್ತಾನೆ. ನಡುಗುವ ಕೈಯ ನಡುಗುವ ಚುಕ್ಕೆಯನ್ನು ಹಿಂಬಾಲಿಸುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಳಕಿನ ಚುಕ್ಕೆ ಇದೆಯೆಂಬ ಧೈರ್ಯದಿಂದ ಅಭ್ಯಾಸವನ್ನೇ ಬಿಟ್ಟರೆ, ಪ್ರಮಾದವನ್ನು ಕಳೆಯಬೇಕಾದ ವಸ್ತುವೇ ಪ್ರಮಾದಕ್ಕೆ ಆಶ್ರಯವಾಗುತ್ತದೆ. ಜಾತ್ರೆಯಲ್ಲಿ ಮಾರುವ ಲೇಸರ್ ಆಟಿಕೆಯನ್ನು ಬಲ್ಲ ಮಗುವಿಗೆ ಆಯುಧದ ಮೇಲಿನ ಕೆಂಪು ಚುಕ್ಕೆಯೂ ಆಟವಾಗಿಯೇ ತೋರುವುದೆಂಬುದನ್ನು ಮನೆಯ ಹಿರಿಯರು ಮರೆಯಬಾರದು.

ಇವೆಲ್ಲವೂ ಉಪಕರಣದ ದೋಷಗಳು. ಇವುಗಳನ್ನು ಅಭ್ಯಾಸದಿಂದ, ಉತ್ತಮ ತಯಾರಿಕೆಯಿಂದ ತಿದ್ದಿಕೊಳ್ಳಬಹುದು. ಯಾವ ತಯಾರಿಕೆಯಿಂದಲೂ ತಿದ್ದಲಾಗದ ಕೊರತೆ ಬೇರೊಂದಿದೆ.

ಬೆಂಗಳೂರಿನಿಂದ ನೆಲಮಂಗಲದ ಕಡೆಗೆ ತುಮಕೂರು ರಸ್ತೆಯಲ್ಲಿ ಸಿಗುವ ಮಾಕಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳ್ಳಿಯಾಗಿದ್ದ ಊರು ಕಾರ್ಖಾನೆ, ಗೋದಾಮು, ಬಡಾವಣೆಗಳ ನಡುವೆ ಬೆಳೆದಿದೆ. 2024ರ ನವೆಂಬರಿನಲ್ಲಿ ಮೆಟ್ರೋ ಹಸಿರು ಮಾರ್ಗವು ಸಮೀಪದ ಮಾದಾವರದವರೆಗೆ ಬಂದ ಮೇಲೆ ಜನಸಂಚಾರ ತಡರಾತ್ರಿಯವರೆಗೂ ಇದೆ. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ರಾತ್ರಿ ಹನ್ನೆರಡರ ಸುಮಾರಿಗೆ ಕಾಂಪೌಂಡಿನ ಒಳಗೆ ಯಾರೋ ಧುಮುಕಿದ ಸದ್ದು. ಗೃಹಸ್ಥನು ಆಯುಧ ಹಿಡಿದು ಮಹಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಕತ್ತಲಲ್ಲಿ ಚಲಿಸುವ ಆಕೃತಿಯ ಎದೆಯ ಮೇಲೆ ಕೆಂಪು ಚುಕ್ಕೆ ಕರಾರುವಾಕ್ಕಾಗಿ ನಿಲ್ಲುತ್ತದೆ. ಬಂದವನು ಕಳ್ಳನಿರಬಹುದು. ರಾತ್ರಿ ಪಾಳಿ ಮುಗಿಸಿ ಕುಡಿದು ದಾರಿತಪ್ಪಿದ ಕಾರ್ಮಿಕನಿರಬಹುದು. ಅಜ್ಜಿಯ ನಿದ್ದೆ ಕೆಡಿಸಬಾರದೆಂದು ಗೇಟು ಹಾರಿ ಬಂದ ಮನೆಯ ಮಗನೇ ಇರಬಹುದು. ಮೂವರ ಎದೆಯ ಮೇಲೂ ಚುಕ್ಕೆ ಒಂದೇ ಬಗೆಯಾಗಿ ಬೀಳುತ್ತದೆ. ಗುಂಡು ಎಲ್ಲಿಗೆ ಹೋಗುವುದೆಂದು ಅದು ಹೇಳಬಲ್ಲದು. ಯಾರಿಗೆ ಹೋಗುವುದೆಂದು ಹೇಳಲಾರದು. ಹೋಗಬೇಕೇ ಎಂಬುದನ್ನಂತೂ ಎಂದಿಗೂ ಹೇಳಲಾರದು. ಅಂಗಳದ ಒಂದು ಸಾಮಾನ್ಯ ದೀಪ ಮುಖವನ್ನಾದರೂ ತೋರಿಸುತ್ತದೆ. ಲೇಸರು ಅಷ್ಟನ್ನೂ ತೋರಿಸದು. ಗುರಿ ತಪ್ಪದಿರುವುದು ಬೇರೆ, ಗುರಿಯೇ ತಪ್ಪಾಗದಿರುವುದು ಬೇರೆ. ಲೇಸರು ಮೊದಲನೆಯದಕ್ಕೆ ಮಾತ್ರ ನೆರವಾಗುತ್ತದೆ. ಎರಡನೆಯದು ತಪ್ಪಿದ್ದರೆ ಮೊದಲನೆಯದು ಸರಿಯಾದಷ್ಟೂ ಅನರ್ಥ ಹೆಚ್ಚು.

ಚುಕ್ಕೆಯನ್ನು ಕಂಡೇ ಕಳ್ಳನು ಹೆದರಿ ಓಡುವನು, ಗುಂಡು ಹಾರಿಸುವ ಪ್ರಸಂಗವೇ ಬಾರದು, ಆದ್ದರಿಂದ ಇದು ಅಲ್ಪಹಿಂಸೆ ಎಂದು ಕೆಲವರು ಹೇಳುವುದುಂಟು. ಕೆಲವೊಮ್ಮೆ ಹಾಗಾಗಲೂಬಹುದು. ಆದರೆ ಹೆದರಿದವನು ಓಡುತ್ತಾನೆಂಬ ನಿಯಮವಿಲ್ಲ. ಅವನ ಬಳಿಯೂ ಆಯುಧವಿದ್ದರೆ ಬೆಳಕು ಬಂದ ದಿಕ್ಕು ಅವನಿಗೂ ತಿಳಿಯುತ್ತದೆ. ಅದಲ್ಲದೆ, ಹೆದರಿಸಲೆಂದು ಮಾತ್ರ ಆಯುಧವನ್ನೆತ್ತುವವನ ಬೆರಳು ಭಯದ ಅಧೀನದಲ್ಲಿರುತ್ತದೆ. ಭಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರ ನಿಲುವು. ಆ ದೃಷ್ಟಿಯಿಂದ ನೋಡಿದರೆ ಮೆಟ್ಟಿಲ ಮೇಲೆ ನಿಂತವನ ಹಿಂಸೆ ಗುಂಡಿನಿಂದ ಆರಂಭವಾಗುವುದಿಲ್ಲ. ಕತ್ತಲಲ್ಲಿ ಕಂಡವನನ್ನು ಶತ್ರುವೆಂದೇ ನಿಶ್ಚಯಿಸಿದ ಮನಸ್ಸಿನಿಂದ ಆರಂಭವಾಗುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯು 2014ರಲ್ಲಿ ಮಹಿಳೆಯರ ರಕ್ಷಣೆಯನ್ನು ಮುಂದಿಟ್ಟು ಹೊರತಂದ ಪಾಯಿಂಟ್ 32 ಬೋರಿನ ಹಗುರ ರಿವಾಲ್ವರಿಗೆ ‘ನಿರ್ಭೀಕ್’ ಎಂದು ಹೆಸರಿಟ್ಟಿತು. ಆಯುಧಕ್ಕೆ ನಿರ್ಭೀತಿಯ ಹೆಸರಿಡಬಹುದು. ಹಿಡಿದವನಿಗೆ ನಿರ್ಭೀತಿಯನ್ನು ಆಯುಧವು ಕೊಡಲಾರದು.

ದೇಶದ ಕಾನೂನು ಏನೆನ್ನುತ್ತದೆ ಎಂಬುದನ್ನೂ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು 34ರಿಂದ 44ರವರೆಗಿನ ಪ್ರಕರಣಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಸರ್ಕಾರಿ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ಆದರೆ 44ನೆಯ ಪ್ರಕರಣವು ಒಂದು ಗಂಭೀರ ಮಾತನ್ನು ಹೇಳುತ್ತದೆ. ಪ್ರಾಣಕ್ಕೇ ಸಂಚಕಾರ ತರುವ ಆಕ್ರಮಣವನ್ನು ತಡೆಯುವಾಗ ನಿರಪರಾಧಿಗೆ ಅಪಾಯವಾಗಬಹುದಾದರೂ, ಬೇರೆ ದಾರಿಯಿಲ್ಲದಿದ್ದರೆ ಆ ಅಪಾಯಕ್ಕೆ ಮುಂದಾಗುವಷ್ಟು ಹಕ್ಕು ವ್ಯಾಪಿಸುತ್ತದೆ. ಕಾನೂನು ಇಲ್ಲಿ ಕ್ಷಮಿಸಬಹುದು. ಆದರೆ ಗುಂಡು ನೆರೆಮನೆಯ ಕಿಟಕಿಯ ಗಾಜನ್ನು ದಾಟಿ ಮಲಗಿದ್ದವರಿಗೆ ತಗಲಿದರೆ, ಹಾರಿಸಿದವನ ಅಂತರಂಗದ ಲೆಕ್ಕ ನ್ಯಾಯಾಲಯದಲ್ಲಿ ಮುಗಿಯುವುದಿಲ್ಲ.

ಇತ್ತೀಚಿನ ಘಟನೆಗಳು ಕಲಿಸುವುದೂ ಇದನ್ನೇ. 2025ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಹಣ ಸಾಗಿಸುತ್ತಿದ್ದ ವಾಹನವೊಂದನ್ನು ಹಾಡಹಗಲೇ ತಡೆದು 7 ಕೋಟಿ ರೂಪಾಯಿಗೂ ಹೆಚ್ಚಿನ ಹಣವನ್ನು ಒಯ್ಯಲಾಯಿತು. ವಾಹನದಲ್ಲಿ ಬಂದೂಕು ಹಿಡಿದ ಕಾವಲುಗಾರರಿದ್ದರು. ಬಂದವರು ತಮ್ಮನ್ನು ಅಧಿಕಾರಿಗಳೆಂದು ಹೇಳಿಕೊಂಡಿದ್ದರಿಂದ ಬಂದೂಕು ಪ್ರಯೋಜನಕ್ಕೆ ಬರಲಿಲ್ಲ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ರಾತ್ರಿ ಕಳವಾದವು. ಹಲವು ಬಿಂಬಗಳು ಮರಳಿ ದೊರೆತದ್ದು ಪೊಲೀಸರ ತನಿಖೆಯಿಂದ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗ ಸಮಾಜವೆಲ್ಲ ತತ್ತರಿಸಿತು, ಮುನಿಗಳಿಗೆ ರಕ್ಷಣೆ ಬೇಕೆಂಬ ಕೂಗೆದ್ದಿತು. ಆದರೆ ಬಂಧಿತನಾದ ಮುಖ್ಯ ಆರೋಪಿ ಆಶ್ರಮಕ್ಕೆ ಅಪರಿಚಿತನಾಗಿರಲಿಲ್ಲ. ವಂಚಕನು ಅಧಿಕಾರಿಯ ಮಾತಿನಲ್ಲಿ ಬರುತ್ತಾನೆ, ಕಳ್ಳನು ಯಾರೂ ಇಲ್ಲದಾಗ ಬರುತ್ತಾನೆ, ಘಾತುಕನು ಪರಿಚಿತನಾಗಿ ಬರುತ್ತಾನೆ. ಈ ಮೂರರಲ್ಲಿ ಯಾವುದಕ್ಕೂ ಕೆಂಪು ಚುಕ್ಕೆ ಉತ್ತರವಲ್ಲ.

ಹಾಗೆಂದು ಆಯುಧ ಹಿಡಿದ ಶ್ರಾವಕನನ್ನು ಧರ್ಮಬಾಹಿರನೆಂದು ಹೇಳುವುದು ಪರಂಪರೆಗೆ ಸಲ್ಲದು. ಮಾಕಳಿಯ ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಗಂಗರ ಮಾನ್ಯಪುರ. 8ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಜಿನಾಲಯ ಕಟ್ಟಿಸಿದವನು ಗಂಗರ ಸೇನಾನಿ ಶ್ರೀವಿಜಯ. ಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ದಂಡನಾಯಕನೇ. ಆದಿತೀರ್ಥಂಕರನು ಲೋಕಕ್ಕೆ ತಿಳಿಸಿದ ಷಟ್ಕರ್ಮಗಳಲ್ಲಿ ಅಸಿಯೂ ಒಂದು. ಆದರೆ ಅವರಿಗೆ ಆಯುಧವೆಂಬುದು ಜೀವಮಾನದ ಅಭ್ಯಾಸ, ಪ್ರಜೆಗಳ ರಕ್ಷಣೆಯ ಕರ್ತವ್ಯ. ಕಪಾಟಿನಲ್ಲಿಟ್ಟು ವರ್ಷಕ್ಕೊಮ್ಮೆಯೂ ಮುಟ್ಟದ ರಿವಾಲ್ವರಿಗೆ ಆ ಹಿರಿಮೆ ಸಲ್ಲುವುದಿಲ್ಲ.

ಗುರಿ ತಪ್ಪದ ಆಯುಧದ ಕಥೆಯೊಂದು ಶ್ರಾವಕರೆಲ್ಲರಿಗೂ ತಿಳಿದಿದೆ. ಭರತ-ಬಾಹುಬಲಿಯರು ಸೇನೆಗಳನ್ನು ದೂರವಿರಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ನಿಂತರು. ಸೋತ ಭರತನು ಕ್ರೋಧವಶನಾಗಿ ಚಕ್ರರತ್ನವನ್ನು ಪ್ರಯೋಗಿಸಿದನು. ಅದು ತಮ್ಮನನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಂತಿತು. ಯಾರನ್ನು ಹೊಡೆಯಬಾರದೆಂಬುದು ಚಕ್ರಕ್ಕೆ ತಿಳಿದಿತ್ತು. ಎಸೆದವನಿಗೆ ಆ ಕ್ಷಣ ಮರೆತಿತ್ತು. ಅಂತಹ ಆಯುಧ ಪುರಾಣದಲ್ಲಿ ಮಾತ್ರ ಉಂಟು. ಅಂಗಡಿಯಲ್ಲಿ ದೊರೆಯುವ ಯಾವ ಉಪಕರಣಕ್ಕೂ ತಮ್ಮನಾರು, ಶತ್ರುವಾರು ಎಂಬ ಅರಿವಿಲ್ಲ. ಆ ಅರಿವು ಹಿಡಿದವನಲ್ಲಿಯೇ ಇರಬೇಕು. ಅವನಲ್ಲಿಲ್ಲದಿದ್ದರೆ ಎಲ್ಲಿಯೂ ಇಲ್ಲ.

ಆದ್ದರಿಂದ ಪ್ರಶ್ನೆಗೆ ಉತ್ತರ ಹೀಗೆ. ನಿಯಮಿತವಾಗಿ ಅಭ್ಯಾಸ ಮಾಡುವವನಿಗೆ, ಕಣ್ಣು ಮಂದವಾದವನಿಗೆ ಲೇಸರು ಸಣ್ಣದೊಂದು ನೆರವು. ಅಭ್ಯಾಸವಿಲ್ಲದವನಿಗೆ ಅದು ನಿರರ್ಥಕ ಮಾತ್ರವಲ್ಲ, ಅಪಾಯಕರ. ಅಂಥವನು ಯೋಚಿಸಬೇಕಾದದ್ದು ಲೇಸರನ್ನು ಕೊಳ್ಳುವುದನ್ನಲ್ಲ, ಆಯುಧವನ್ನೇ ಬಿಡುವುದನ್ನು. ರಕ್ಷಣೆಗೆ ಮೊದಲು ಬೇಕಾದದ್ದು ಅಂಗಳದ ದೀಪ, ಗಟ್ಟಿ ಬಾಗಿಲು, ಒಡವೆಗಳಿಗೆ ಬ್ಯಾಂಕಿನ ಲಾಕರು, ಕರೆದರೆ ಓಗೊಡುವ ನೆರೆಹೊರೆ, ತಡಮಾಡದೆ 112ಕ್ಕೆ ಕರೆ. ಮಗನು ತಡವಾಗಿ ಬರುವುದಾದರೆ ಮೊದಲೇ ತಿಳಿಸುವ ಮನೆಯ ಕಟ್ಟಳೆಯೂ ರಕ್ಷಣೆಯೇ. ಇವೆಲ್ಲ ಆದ ಮೇಲೂ ಆಯುಧ ಅನಿವಾರ್ಯವೆನಿಸಿದರೆ ಪರವಾನಗಿ, ತರಬೇತಿ, ಬೀಗ. ಎಲ್ಲಕ್ಕೂ ಕೊನೆಯಲ್ಲಿ ಲೇಸರಿನ ಮಾತು.

ಬಸದಿಗಳ ಆಡಳಿತ ಮಂಡಳಿಗಳಿಗೆ ಹೊಣೆ ಇನ್ನೂ ಹೆಚ್ಚಿನದು. ಹಿಂಸೋಪಕರಣಗಳನ್ನು ಇತರರಿಗೆ ಒದಗಿಸುವುದನ್ನು ಶ್ರಾವಕಾಚಾರ ಗ್ರಂಥಗಳು ಹಿಂಸಾದಾನವೆಂದು ಕರೆದು ಅನರ್ಥದಂಡದಲ್ಲಿ ಎಣಿಸಿವೆ. ಬಂದೂಕು ಹಿಡಿದ ಕಾವಲುಗಾರನನ್ನು ನೇಮಿಸುವ ಮಂಡಳಿಯು ಅವನ ತರಬೇತಿಯನ್ನೂ, ಆಯುಧವನ್ನು ಯಾವಾಗ ಎತ್ತಬೇಕು, ಯಾವಾಗ ಎತ್ತಬಾರದು ಎಂಬ ಸ್ಪಷ್ಟ ಲಿಖಿತ ಸೂಚನೆಯನ್ನೂ ಕೊಡದಿದ್ದರೆ, ಅವನ ಕೈಯಿಂದಾಗುವ ಅನರ್ಥದಲ್ಲಿ ಮಂಡಳಿಗೂ ಪಾಲುಂಟು.

ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ವಸ್ತುವನ್ನು ಎತ್ತುವಾಗ, ಇಡುವಾಗ ಜೀವಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಪಿಂಛಿಯನ್ನೆತ್ತುವಾಗಲೂ ಇಷ್ಟು ನೋಟ ಬೇಕೆನ್ನುವ ಧರ್ಮದಲ್ಲಿ ಹುಟ್ಟಿದವನು ಪಿಸ್ತೂಲನ್ನೆತ್ತುವಾಗ ಎಷ್ಟು ನೋಡಬೇಕು? ದಾನಗಳಲ್ಲಿ ಶ್ರೇಷ್ಠವಾದುದು ಅಭಯದಾನ. ಕತ್ತಲಲ್ಲಿ ಗೇಟು ಹಾರಿ ಬಂದವನ ಹೆಸರು ಕೂಗಿ, ದೀಪ ಹಾಕಿ, ಮುಖ ನೋಡುವ ಆ ಒಂದು ಗಳಿಗೆಯ ತಾಳ್ಮೆಯೇ ಗೃಹಸ್ಥನು ಕೊಡಬಲ್ಲ ಅಭಯ. ಬಂದವನು ಮಗನೇ ಆಗಿದ್ದರೆ, ಆ ಗಳಿಗೆಯೇ ಅವನ ಆಯುಸ್ಸು.